ಎಐ ಬಳಸುವ ತಂಡ ನಡೆಸೋಕೆ ನಾನು ನಿಜಕ್ಕೂ ಏನು ಕಲಿಯಬೇಕು?

ಹೊಸ ಲೀಡ್ (ಪ್ರಶ್ನೆ)

ನಮಸ್ಕಾರ ಎಲ್ಲರಿಗೂ. ಸ್ವಲ್ಪ ಉದ್ದ ಇದೆ, ಸಹಿಸಿಕೊಳ್ಳಿ.

ಒಂದು ಕಾರ್ಖಾನೆಯ ಖರೀದಿ ವಿಭಾಗದಲ್ಲಿ ಹನ್ನೊಂದು ಜನರ ತಂಡ ನೋಡಿಕೊಳ್ಳುತ್ತೇನೆ. ಸಪ್ಲೈಯರ್‌ಗಳ ಬೆನ್ನು ಹತ್ತಿ ಮಾಲು ತರಿಸುವುದು, ತಡವಾದರೆ ಪ್ರೊಡಕ್ಷನ್‌ನವರಿಂದ ಬೈಸಿಕೊಳ್ಳುವುದು, ಇದೇ ನಮ್ಮ ಕೆಲಸ. ಏಳು ವರ್ಷ ನಾನೂ ಅದೇ ಸೀಟಿನಲ್ಲಿ ಕೂತಿದ್ದೆ. ಲೀಡ್ ಆಗಿ ಇನ್ನೂ ಒಂದು ವರ್ಷ ತುಂಬಿಲ್ಲ.

ಆರು ತಿಂಗಳ ಹಿಂದೆ ಮೇಲಿನಿಂದ ಮಾತು ಬಂತು, ಎಲ್ಲರೂ ಎಐ ಬಳಸಬೇಕು ಅಂತ. ಲೀಡ್‌ಗಳಿಗೆಲ್ಲ ಎರಡು ದಿನದ ಟ್ರೇನಿಂಗ್ ಆಯಿತು. 'ನೀನೊಬ್ಬ ಅನುಭವಿ ಖರೀದಿ ತಜ್ಞ' ಎಂದು ಶುರು ಮಾಡಿ ಪ್ರಾಂಪ್ಟ್ (ಎಐಗೆ ಕೊಡುವ ಸೂಚನೆ) ಬರೆಯುವುದು ಹೇಗೆ ಅಂತ ಹೇಳಿಕೊಟ್ಟರು. ಸರ್ಟಿಫಿಕೇಟ್ ಕೂಡ ಸಿಕ್ಕಿತು.

ಈಗ ವಿಷಯಕ್ಕೆ ಬರುತ್ತೇನೆ. ಮೊದಲು ಪ್ರತಿ ಸೋಮವಾರ ಬೆಳಿಗ್ಗೆ ಒಬ್ಬೊಬ್ಬರೇ ಬಾಯಿಬಿಟ್ಟು ಹೇಳುತ್ತಿದ್ದರು, ಯಾವ ಮಾಲು ಎಲ್ಲಿದೆ, ಯಾವಾಗ ಬರುತ್ತೆ ಅಂತ. ಒಂದು ಗಂಟೆ ಹಿಡಿಯುತ್ತಿತ್ತು. ಈಗ ಎಐ ಎಲ್ಲ ಮೇಲ್‌ಗಳನ್ನೂ ಓದಿ ಒಂದು ಪುಟದ ಟೇಬಲ್ ಮಾಡಿಕೊಡುತ್ತದೆ. ಹತ್ತು ನಿಮಿಷದಲ್ಲಿ ಮೀಟಿಂಗ್ ಮುಗಿಯುತ್ತದೆ. ನನಗಂತೂ ಖುಷಿಯೋ ಖುಷಿ.

ಹೋದ ತಿಂಗಳು ಆ ಟೇಬಲ್‌ನಲ್ಲಿ ಒಂದು ಸಾಲು ಹೀಗಿತ್ತು: 'ಬೇರಿಂಗ್, 18ನೇ ತಾರೀಕು ತಲುಪುತ್ತದೆ, ಖಚಿತ.' ನಾನು ಓಕೆ ಮಾಡಿ ಪ್ರೊಡಕ್ಷನ್‌ಗೆ ಕಳಿಸಿದೆ. 18 ಬಂತು, ಬೇರಿಂಗ್ ಬರಲಿಲ್ಲ. ಎರಡು ದಿನ ಲೈನ್ ನಿಂತಿತು. ಆಮೇಲೆ ಹುಡುಕಿ ಸಪ್ಲೈಯರ್‌ನ ಮೂಲ ಮೇಲ್ ತೆಗೆದು ನೋಡಿದೆ. ಅವನು ಬರೆದಿದ್ದು ಇಷ್ಟೇ: '18ರ ಒಳಗೆ ಕಳಿಸೋಕೆ ಪ್ರಯತ್ನ ಮಾಡ್ತೀವಿ, ನೋಡೋಣ.'

ನೋಡೋಣ! ಏಳು ವರ್ಷ ಈ ಕೆಲಸ ಮಾಡಿದವನಿಗೆ 'ನೋಡೋಣ' ಅಂದರೆ ಏನು ಅಂತ ಗೊತ್ತಿಲ್ವಾ? ಬರಲ್ಲ ಅಂತ ಅರ್ಥ. ಆ ಮೇಲ್ ನನ್ನ ಕಣ್ಣಿಗೆ ಬಿದ್ದಿದ್ದರೆ ಆ ಕ್ಷಣವೇ ಫೋನ್ ಎತ್ತುತ್ತಿದ್ದೆ. ಆದರೆ ನನ್ನ ಹತ್ತಿರ ಬಂದಾಗ ಆ 'ನೋಡೋಣ' ಹೋಗಿ 'ಖಚಿತ' ಆಗಿತ್ತು.

ಟೇಬಲ್ ಮಾಡಿದ ಹುಡುಗನನ್ನು ಕೇಳಿದೆ. "ಸರ್, ಅದರಲ್ಲಿ ಹಾಗೇ ಬಂದಿತ್ತು" ಅಂದ. ಸುಳ್ಳು ಹೇಳಲಿಲ್ಲ ಪಾಪ. ಆದರೆ ಆ ಮಾತು ಇವತ್ತಿಗೂ ತಲೆಯಲ್ಲಿ ಕೊರೆಯುತ್ತಿದೆ.

ಇನ್ನೂ ಒಂದೆರಡು ಕಿರಿಕಿರಿ ಇದೆ. ನಾಲ್ಕು ಸಾಲಿನಲ್ಲಿ ಮುಗಿಯುತ್ತಿದ್ದ ಮೇಲ್‌ಗಳು ಈಗ ಒಂದೂವರೆ ಪುಟ ಬರುತ್ತವೆ. ಓದಲು ಬೇಜಾರಾಗಿ ನಾನೂ ಅದನ್ನು ಎಐಗೆ ಕೊಟ್ಟು ನಾಲ್ಕು ಸಾಲು ಮಾಡಿಸಿಕೊಳ್ಳುತ್ತೇನೆ. ನಗಬೇಡಿ. ಮತ್ತೆ ತಂಡದ ಇಬ್ಬರು ಹಿರಿಯರು ಎಐ ಮುಟ್ಟುವುದೇ ಇಲ್ಲ, ಮೂರು ಜನ ಕಿರಿಯರು ಅದಿಲ್ಲದೆ ಒಂದು ಸಾಲೂ ಬರೆಯುವುದಿಲ್ಲ.

ನನ್ನ ಪ್ರಶ್ನೆ ಇಷ್ಟು. ಪ್ರಾಂಪ್ಟ್ ಬರೆಯುವುದು ಬಿಟ್ಟು ನನ್ನಂಥವನು ಕಲಿಯಬೇಕಾದ್ದು ಏನು? ದಯವಿಟ್ಟು ಪೈಥಾನ್ ಪ್ರೋಗ್ರಾಮಿಂಗ್ ಕಲಿ ಅನ್ನಬೇಡಿ.

ಶಾರ್ಟ್‌ಕಟ್ ಶೂರ (ಉತ್ತರ)

ಬ್ರೋ, ಇದು ಪ್ರಾಂಪ್ಟ್ ಸಮಸ್ಯೆಯೇ. 'ಮೇಲ್‌ನಲ್ಲಿ ಸ್ಪಷ್ಟವಾಗಿ ಇದ್ದರೆ ಮಾತ್ರ ಖಚಿತ ಅಂತ ಬರಿ' ಎಂದು ಒಂದು ಸಾಲು ಸೇರಿಸಿ. ಮುಗೀತು.

ಹೊಸ ಲೀಡ್

ಅದನ್ನೂ ಮಾಡಿ ನೋಡಿದೆ. ಮುಂದಿನ ವಾರ ಮುಕ್ಕಾಲು ಪಾಲು ಸಾಲುಗಳ ಮುಂದೆ 'ಖಚಿತವಿಲ್ಲ' ಅಂತ ಬಂತು. ನಾಳೆ ಬೆಳಿಗ್ಗೆ ಗೇಟಿಗೆ ಬರಲಿರುವ ಲಾರಿಯ ಮುಂದೆಯೂ ಅದೇ. ಎಲ್ಲ ಖಚಿತ ಆದರೂ ಒಂದೇ, ಯಾವುದೂ ಖಚಿತ ಅಲ್ಲದಿದ್ದರೂ ಒಂದೇ ಅಲ್ವಾ?

ದೂರು ವಿಭಾಗದವಳು (ಉತ್ತರ)

ಹೊಸ ಲೀಡ್ ಅವರೇ, ಇಪ್ಪತ್ತು ವರ್ಷದಿಂದ ಗ್ರಾಹಕರ ದೂರುಗಳಿಗೆ ಉತ್ತರ ಬರೆಸುವ ಕೆಲಸದಲ್ಲಿದ್ದೇನೆ. ನಿಮ್ಮ ಬೇರಿಂಗ್ ಕಥೆ ಓದಿ ನಗು ಬರಲಿಲ್ಲ, ನಮ್ಮಲ್ಲೂ ಇದೇ ಆಗಿದೆ.

ಮೊದಲು ಒಂದು ಮಾತು, ಬೇಸರ ಮಾಡಿಕೊಳ್ಳಬೇಡಿ. ಆ ಹುಡುಗ "ಅದರಲ್ಲಿ ಹಾಗೇ ಬಂದಿತ್ತು" ಅಂದ. ಪ್ರೊಡಕ್ಷನ್‌ನವರು ಕೇಳಿದಾಗ ನೀವು ಏನಂದಿರಿ? ನೀವೂ ಹೆಚ್ಚುಕಡಿಮೆ ಅದನ್ನೇ ಅಂದಿರುತ್ತೀರಿ. ಓಕೆ ಮಾಡಿದ್ದು ನೀವು. ಹಾಗಾಗಿ ಮಾತು ಅಲ್ಲಿಂದಲೇ ಶುರುವಾಗಬೇಕು.

ಇದೇ ವಾದವನ್ನು ಒಂದು ವಿಮಾನ ಕಂಪನಿಯೇ ಮಾಡಿ ಸೋತಿದೆ. ಏರ್ ಕೆನಡಾದ ಚಾಟ್‌ಬಾಟ್ ಒಬ್ಬ ಪ್ರಯಾಣಿಕರಿಗೆ ತಪ್ಪು ಮಾಹಿತಿ ಕೊಟ್ಟಿತು. ಮನೆಯವರು ತೀರಿಕೊಂಡಾಗ ಕೊಡುವ ರಿಯಾಯಿತಿಯನ್ನು ಪ್ರಯಾಣ ಮುಗಿದ ಮೇಲೂ, ಟಿಕೆಟ್ ಕೊಟ್ಟ 90 ದಿನದೊಳಗೆ ಕೇಳಬಹುದು ಎಂದಿತು. ಕಂಪನಿಯ ನಿಯಮದಲ್ಲಿ ಅದು ಇರಲೇ ಇಲ್ಲ. ದೂರು ನ್ಯಾಯಮಂಡಳಿಗೆ ಹೋದಾಗ, ಚಾಟ್‌ಬಾಟ್ ಹೇಳಿದ್ದಕ್ಕೆ ಚಾಟ್‌ಬಾಟೇ ಹೊಣೆ ಅನ್ನುವ ಅರ್ಥದ ವಾದ ಮುಂದಿಟ್ಟರು. 2024ರ ಫೆಬ್ರವರಿಯಲ್ಲಿ ತೀರ್ಪು ಬಂತು. ಅದು ನಿಮ್ಮ ವೆಬ್‌ಸೈಟಿನ ಭಾಗ, ಹೊಣೆ ನಿಮ್ಮದೇ, ದುಡ್ಡು ಕಟ್ಟಿ ಅಂದರು. ದೊಡ್ಡ ಮೊತ್ತವೇನಲ್ಲ. ಆದರೆ ನಮ್ಮಂಥ ವಿಭಾಗ ನಡೆಸುವವರ ಎದೆ ಧಸಕ್ ಅಂದಿದ್ದು ನಿಜ.

ಈಗ ನಿಮ್ಮ ಪ್ರಶ್ನೆ. ನನ್ನ ಅನುಭವದಲ್ಲಿ ಕಲಿಯಬೇಕಾದ ಮೊದಲ ವಿದ್ಯೆ ಎಐಗೆ ಸಂಬಂಧಪಟ್ಟದ್ದೇ ಅಲ್ಲ. ನಿಮ್ಮ ವಿಭಾಗದಲ್ಲಿ ಒಳ್ಳೆಯ ಕೆಲಸ ಅಂದರೆ ಯಾವುದು ಅಂತ ಬಾಯಿಬಿಟ್ಟು ಹೇಳಲು ಬರಬೇಕು. ಸುಲಭ ಅನಿಸುತ್ತೆ ಅಲ್ವಾ? ನಾನು ಕೂತು ಬರೆಯಲು ಹೋದೆ, ಮೂರು ವಾರ ಹಿಡಿಯಿತು. ಅರ್ಧ ಪುಟ ಬರೆಯೋಕೆ ಮೂರು ವಾರ! ನನ್ನ ಕಣ್ಣಿಗೆ ಒಳ್ಳೆಯ ಉತ್ತರ ಯಾವುದು ಅಂತ ನೋಡಿದ ಕೂಡಲೇ ಗೊತ್ತಾಗುತ್ತಿತ್ತು, ಯಾಕೆ ಅಂತ ಹೇಳಲು ಬರುತ್ತಿರಲಿಲ್ಲ. ಕೊನೆಗೆ ಬರೆದದ್ದು ಇಂಥವು: ಗ್ರಾಹಕರು ಕೇಳಿದ ಪ್ರಶ್ನೆಗೆ ಮೊದಲ ಎರಡು ಸಾಲಿನಲ್ಲೇ ಉತ್ತರ ಇರಬೇಕು. ನಾವು ಮಾಡದ ಕೆಲಸವನ್ನು ಮಾಡಿದ್ದೇವೆ ಅನ್ನಬಾರದು. ತಾರೀಕು ಕೊಟ್ಟರೆ ಅದನ್ನು ಕೊಟ್ಟವರು ಯಾರು ಅಂತ ಫೈಲಿನಲ್ಲಿ ಇರಬೇಕು. 'ತಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ' ಒಂದೇ ಸಲ, ಮೂರು ಸಲ ಅಲ್ಲ.

ಆ ಅರ್ಧ ಪುಟ ಎಐಗೂ ಕೊಟ್ಟೆ, ಹೊಸದಾಗಿ ಸೇರಿದ ಹುಡುಗಿಗೂ ಕೊಟ್ಟೆ. ಇಬ್ಬರ ಕೆಲಸವೂ ಸುಧಾರಿಸಿತು. ಇಷ್ಟು ವರ್ಷ ಹೊಸಬರಿಗೆ ಅದನ್ನು ಯಾಕೆ ಕೊಟ್ಟಿರಲಿಲ್ಲ ಅಂತ ಈಗ ನಾಚಿಕೆ ಆಗುತ್ತೆ.

ಎರಡನೆಯದು, ಪರೀಕ್ಷಿಸುವ ಅಭ್ಯಾಸ. ಎಲ್ಲವನ್ನೂ ಓದುತ್ತೀನಿ ಅಂದುಕೊಂಡರೆ ನಾಲ್ಕನೇ ದಿನಕ್ಕೆ ಕೈಬಿಡುತ್ತೀರಿ. ನಾನು ವಾರಕ್ಕೆ ಐದು ಉತ್ತರ ಎತ್ತಿಕೊಳ್ಳುತ್ತೇನೆ. ಮೊದಲು ಮೂಲ ದೂರು ಓದಿ, ಏನು ಉತ್ತರ ಬರಬೇಕು ಅಂತ ನಾನೇ ಒಂದು ಚೀಟಿಯಲ್ಲಿ ಗೀಚುತ್ತೇನೆ. ಆಮೇಲೆ ಎಐ ಬರೆದದ್ದು ನೋಡುತ್ತೇನೆ. ಕ್ರಮ ಮುಖ್ಯ. ಅದರ ಉತ್ತರ ಮೊದಲು ಓದಿದರೆ ಎಲ್ಲ ಸರಿಯಾಗಿಯೇ ಕಾಣುತ್ತೆ. ಅಷ್ಟು ನುಣುಪಾಗಿ ಬರೆದಿರುತ್ತೆ.

ಸರಿ ಇದೆಯಾ ಅಂತ ಅದನ್ನೇ ಕೇಳಬೇಡಿ. 2023ರಲ್ಲಿ ನ್ಯೂಯಾರ್ಕ್‌ನ ವಕೀಲರು ಸಿಕ್ಕಿಬಿದ್ದದ್ದು ಹಾಗೆಯೇ. ಚಾಟ್‌ಜಿಪಿಟಿ ಕೊಟ್ಟ ತೀರ್ಪುಗಳನ್ನು ಕೋರ್ಟಿಗೆ ಸಲ್ಲಿಸಿದರು. ಆ ಕೇಸುಗಳು ಇರಲೇ ಇಲ್ಲ. ಅವರಲ್ಲಿ ಒಬ್ಬರು ಇದು ನಿಜವಾದ ಕೇಸಾ ಅಂತ ಅದನ್ನೇ ಕೇಳಿದ್ದರು, ಹೌದು ಅಂದಿತ್ತು. 5,000 ಡಾಲರ್ ದಂಡ ಬಿತ್ತು.

ನಿಮ್ಮ 'ನೋಡೋಣ' ವಿಷಯಕ್ಕೆ ಬಂದರೆ, ಸಾರಾಂಶ ಮಾಡುವಾಗ ಮೊದಲು ಉದುರಿಹೋಗುವುದೇ ಇಂಥ ಮಾತು. ಬಹುಶಃ, ಸಾಧ್ಯವಾದರೆ, ಪ್ರಯತ್ನ ಮಾಡ್ತೀವಿ, ಇವೆಲ್ಲ ಅದಕ್ಕೆ ತೌಡು, ನಮಗೆ ಅದೇ ಕಾಳು. ಹಾಗಾಗಿ ಟೇಬಲ್‌ನಲ್ಲಿ ಇನ್ನೊಂದು ಕಾಲಂ ಹಾಕಿಸಿ. ಸಪ್ಲೈಯರ್ ಬರೆದ ವಾಕ್ಯವನ್ನು ಇದ್ದದ್ದು ಇದ್ದ ಹಾಗೇ ಅಲ್ಲಿ ಇಡಲಿ, ಅವರ ಮಾತಿನಲ್ಲೇ. ಖಚಿತವೋ ಅಲ್ಲವೋ ಅನ್ನುವುದನ್ನು ಮನುಷ್ಯರು ಓದಿ ಬರೆಯಲಿ. ವಾಕ್ಯ ಕೂಡ ಕೆಲವೊಮ್ಮೆ ತನ್ನದೇ ಸೇರಿಸಿ ಕೊಡುತ್ತೆ, ಆಗಾಗ ಮೂಲ ಮೇಲ್‌ಗೆ ಹೋಲಿಸಿ ನೋಡಿ.

ಕೋಡ್ ಮನೆ (ಉತ್ತರ)

ನಾನು ಸಾಫ್ಟ್‌ವೇರ್ ಕಡೆಯವನು. ಮೇಡಂ ಹೇಳಿದ್ದಕ್ಕೆ ಒಂದನ್ನು ಸೇರಿಸುತ್ತೇನೆ. ಟೈಮ್ ಉಳೀತು ಅಂತ ತಂಡದವರು ಹೇಳಿದರೆ ನಂಬುವ ಮೊದಲು ಅಳೆಯಿರಿ.

ಮೆಟರ್ ಅನ್ನುವ ಸಂಶೋಧನಾ ಸಂಸ್ಥೆ 2025ರಲ್ಲಿ ಒಂದು ಪ್ರಯೋಗ ಮಾಡಿತು. ಅನುಭವಿ ಡೆವಲಪರ್‌ಗಳು 16 ಜನ, ತಾವೇ ವರ್ಷಗಟ್ಟಲೆ ನೋಡಿಕೊಂಡ ಕೋಡ್ ಮೇಲೆ 246 ಕೆಲಸ. ಕೆಲವಕ್ಕೆ ಎಐ ಬಳಸಬಹುದು, ಕೆಲವಕ್ಕೆ ಬಳಸುವಂತಿಲ್ಲ. ಮುಗಿದ ಮೇಲೆ ಕೇಳಿದರೆ, ಎಐ ಇದ್ದಾಗ ಶೇ. 20ರಷ್ಟು ಬೇಗ ಮುಗಿಸಿದೆವು ಅಂದರು. ಗಡಿಯಾರ ನೋಡಿದರೆ ಶೇ. 19ರಷ್ಟು ಜಾಸ್ತಿ ಸಮಯ ಹಿಡಿದಿತ್ತು. 16 ಜನರ ಲೆಕ್ಕ ಹಿಡಿದು ಎಐ ವ್ಯರ್ಥ ಅನ್ನುವುದು ತಪ್ಪು. ಟೂಲ್‌ಗಳೂ ಬದಲಾಗುತ್ತಿವೆ. ನಾನು ಹೇಳುತ್ತಿರುವುದು ಆ ಅಂತರದ ಬಗ್ಗೆ. ನಮಗೇನು ಅನಿಸುತ್ತೆ, ನಿಜಕ್ಕೂ ಏನಾಗುತ್ತೆ ಅನ್ನುವುದರ ನಡುವೆ ಅಷ್ಟು ದೂರ.

ನಿಮ್ಮ ಸೋಮವಾರದ ಮೀಟಿಂಗನ್ನೇ ತಗೊಳ್ಳಿ. ಒಂದು ಗಂಟೆಯದು ಹತ್ತು ನಿಮಿಷಕ್ಕೆ ಇಳಿಯಿತು ಅಂದಿರಿ. ಹನ್ನೊಂದು ಜನರದು ಲೆಕ್ಕ ಹಾಕಿದರೆ ವಾರಕ್ಕೆ ಒಂಬತ್ತು ಗಂಟೆ ಉಳಿತಾಯ. ಎರಡು ದಿನ ನಿಂತ ಲೈನ್‌ನ ಲೆಕ್ಕವನ್ನು ಅದರಿಂದ ಕಳೆದಿದ್ದೀರಾ? ಒಂದೂವರೆ ಪುಟದ ಮೇಲ್ ಓದುವವರ ಸಮಯ? ಬರೆಯುವವನಿಗೆ ಉಳಿದ ಸಮಯ ಓದುವವನ ತಲೆಗೆ ಬಂದು ಕೂತಿರುತ್ತೆ. ನಾವು ನಮ್ಮ ತಂಡದಲ್ಲಿ ಸುಮ್ನೆ ಒಂದು ನಿಯಮ ಮಾಡಿದೆವು: ನೀನು ಓದದ್ದನ್ನು ಇನ್ನೊಬ್ಬರಿಗೆ ಓದಲು ಕಳಿಸಬೇಡ. ಮೇಲ್‌ಗಳ ಉದ್ದ ತಾನಾಗೇ ಇಳಿಯಿತು.

ಶಾರ್ಟ್‌ಕಟ್ ಶೂರ

ಅಂದರೆ ಎಐ ಬೇಡ ಅಂತೀರಾ? ಎಲ್ಲ ಮತ್ತೆ ಬಾಯಲ್ಲೇ ಹೇಳೋದಾ?

ದೂರು ವಿಭಾಗದವಳು

ಹಾಗಂದವರು ಯಾರಪ್ಪ? ನಾನು ದಿನಾ ಬಳಸುತ್ತೇನೆ. ಯಾವ ಕೆಲಸಕ್ಕೆ ಅನ್ನುವುದೇ ಪ್ರಶ್ನೆ. 2023ರಲ್ಲಿ ಹಾರ್ವರ್ಡ್ ಮತ್ತಿತರ ಕಡೆಯ ಸಂಶೋಧಕರು ಬೋಸ್ಟನ್ ಕನ್ಸಲ್ಟಿಂಗ್ ಗ್ರೂಪ್ ಅನ್ನುವ ಸಲಹಾ ಕಂಪನಿಯ 758 ಜನರ ಮೇಲೆ ಒಂದು ಪ್ರಯೋಗ ಮಾಡಿದ್ದರು. ಎಐಗೆ ಒಗ್ಗುವ ಕೆಲಸಗಳಲ್ಲಿ ಅದನ್ನು ಬಳಸಿದವರು ಶೇ. 25ರಷ್ಟು ಬೇಗ ಮುಗಿಸಿದರು, ಗುಣಮಟ್ಟವೂ ಚೆನ್ನಾಗಿತ್ತು. ಆದರೆ ಬೇಕಂತಲೇ ಅದಕ್ಕೆ ಒಗ್ಗದ ಒಂದು ಕೆಲಸ ಕೊಟ್ಟಿದ್ದರು. ಅಂಕಿಗಳನ್ನೂ ಸಂದರ್ಶನದ ಮಾತುಗಳನ್ನೂ ಕೂಡಿಸಿ ಓದಿದರೆ ಮಾತ್ರ ಉತ್ತರ ಸಿಗುವಂಥದ್ದು. ಅದರಲ್ಲಿ ಎಐ ಇಲ್ಲದವರಲ್ಲಿ ಶೇ. 84 ಜನ ಸರಿ ಉತ್ತರ ಕೊಟ್ಟರು, ಬಳಸಿದವರಲ್ಲಿ ಶೇ. 60ರಿಂದ 70.

ಹೊರಗಿನಿಂದ ನೋಡಿದರೆ ಎರಡೂ ಕೆಲಸ ಒಂದೇ ಥರ ಕಾಣುತ್ತವೆ, ಅದೇ ತೊಂದರೆ. ಗಡಿ ಎಲ್ಲಿದೆ ಅಂತ ಯಾರೂ ಗೆರೆ ಎಳೆದು ಕೊಡಲ್ಲ. ನಮ್ಮ ಕೆಲಸಕ್ಕೆ ನಾವೇ ಹುಡುಕಿಕೊಳ್ಳಬೇಕು. ಹೊಸ ಲೀಡ್ ಅವರೇ, ನೀವು ಏಳು ವರ್ಷ ಆ ಸೀಟಿನಲ್ಲಿ ಕೂತಿದ್ದಿರಿ ಅಂದಿರಲ್ಲ, ನಿಮ್ಮ ದೊಡ್ಡ ಆಸ್ತಿ ಅದು. ಕೆಲಸ ಗೊತ್ತಿಲ್ಲದೆ ಮೇಲೆ ಬಂದು ಕೂತವರಿಗೆ ಇದು ಜಾಸ್ತಿ ಕಷ್ಟ.

ಟ್ರೇನಿಂಗ್ ಮೇಜು (ಉತ್ತರ)

ಆ ಎರಡು ದಿನದ ಟ್ರೇನಿಂಗ್ ಕೊಡುವವರ ಪೈಕಿ ನಾನೂ ಒಬ್ಬ, ಬೈಯಬೇಡಿ. ಪ್ರಾಂಪ್ಟ್ ಹೇಳಿಕೊಡುವುದು ಸುಲಭ, ಅದಕ್ಕೇ ಅದನ್ನೇ ಹೇಳಿಕೊಡುತ್ತೇವೆ.

ನನಗೆ ನಿಮ್ಮ ಪ್ರಶ್ನೆಯ ಕೊನೆಯ ಭಾಗ ಮುಖ್ಯ ಅನಿಸಿತು. ಇಬ್ಬರು ಹಿರಿಯರು, ಮೂರು ಜನ ಕಿರಿಯರು. ಕಸ್ಟಮರ್ ಸಪೋರ್ಟ್‌ನಲ್ಲಿ ಐದು ಸಾವಿರಕ್ಕೂ ಹೆಚ್ಚು ಜನರ ಮೇಲೆ ಮಾಡಿದ ಒಂದು ಅಧ್ಯಯನ 2023ರಲ್ಲಿ ಬಂತು. ಎಐ ಸಲಹೆ ಕೊಡುತ್ತಿದ್ದಾಗ ಗಂಟೆಗೆ ಮುಗಿಸುವ ಕೇಸ್‌ಗಳು ಸರಾಸರಿ ಶೇ. 14ರಷ್ಟು ಏರಿದವು. ಹೊಸಬರಿಗೆ, ಅನುಭವ ಕಡಿಮೆ ಇದ್ದವರಿಗೆ ಶೇ. 34. ಚೆನ್ನಾಗಿ ಪಳಗಿದವರಿಗೆ ಅಷ್ಟೇನೂ ಲಾಭ ಆಗಲಿಲ್ಲ. ಯಾಕೆಂದರೆ ಪಳಗಿದವರು ಹೇಗೆ ಉತ್ತರಿಸುತ್ತಾರೆ ಅನ್ನುವುದನ್ನೇ ಆ ಟೂಲ್ ಹೊಸಬರಿಗೆ ದಾಟಿಸುತ್ತಿತ್ತು ಅಂತ ಸಂಶೋಧಕರ ಅಂದಾಜು.

ಹಾಗಾಗಿ ಮುಟ್ಟಲ್ಲ ಅನ್ನುವ ಹಿರಿಯರನ್ನು ಹಟಮಾರಿಗಳು ಅಂತ ಪಕ್ಕಕ್ಕೆ ತಳ್ಳಬೇಡಿ. ಅವರಿಗೆ ಅದು ಕೊಡುವುದು ಕಡಿಮೆ ಇರಬಹುದು. ಕಿರಿಯರದ್ದು ಬೇರೆ ಚಿಂತೆ. 'ನೋಡೋಣ' ಅಂದರೆ ಬರಲ್ಲ ಅನ್ನುವುದನ್ನು ನೀವು ಕಲಿತದ್ದು ನೂರಾರು ಮೇಲ್ ಓದಿ, ಹತ್ತಾರು ಸಲ ಮೋಸ ಹೋಗಿ. ಆ ಹುಡುಗ ಮೇಲ್ ಓದುವುದೇ ಇಲ್ಲ, ಟೇಬಲ್ ನೋಡುತ್ತಾನೆ. ಐದು ವರ್ಷ ಬಿಟ್ಟು ನಿಮ್ಮ ಸೀಟಿಗೆ ಅವನು ಬಂದರೆ ಟೇಬಲ್ ತಪ್ಪಾಗಿದೆ ಅಂತ ಹೇಳುವವರು ಯಾರು? ಯಂತ್ರವೇ ಎಲ್ಲ ಮಾಡುವ ಕಡೆ, ಅದು ಎಡವಿದಾಗ ಹಿಡಿಯಬೇಕಾದ ಮನುಷ್ಯನ ಕೈ ಪಳಗಿಕೆ ತಪ್ಪಿರುತ್ತದೆ ಅಂತ ಲಿಸಾನ್ ಬೇನ್‌ಬ್ರಿಡ್ಜ್ ಅನ್ನುವ ಸಂಶೋಧಕಿ 1983ರಲ್ಲೇ ಬರೆದಿದ್ದರು. ಅವರ ಕಣ್ಣ ಮುಂದೆ ಇದ್ದದ್ದು ಕಾರ್ಖಾನೆಯ ಕಂಟ್ರೋಲ್ ರೂಮ್‌ಗಳು, ವಿಮಾನಗಳು.

ಇನ್ನೊಂದು ವಿಷಯ, ಚಿಕ್ಕದಾಗಿ. ಆ ಟೂಲ್‌ಗೆ ಸಪ್ಲೈಯರ್ ಮೇಲ್‌ಗಳನ್ನೆಲ್ಲ ಕೊಡುತ್ತಿದ್ದೀರಲ್ಲ, ಅದರಲ್ಲಿ ದರಗಳು ಇರುತ್ತವೆ, ಒಪ್ಪಂದ ಇರುತ್ತೆ. ಯಾವ ಟೂಲ್, ಕಂಪನಿ ಒಪ್ಪಿದ್ದಾ, ಡೇಟಾ ಎಲ್ಲಿ ಹೋಗುತ್ತೆ, ಇದನ್ನು ಕೇಳಿಕೊಂಡಿದ್ದೀರಾ? ಸ್ಯಾಮ್‌ಸಂಗ್‌ನವರು 2023ರಲ್ಲಿ ಸಿಬ್ಬಂದಿ ಕಂಪನಿಯ ಕೋಡನ್ನು ಚಾಟ್‌ಜಿಪಿಟಿಗೆ ಹಾಕಿದ್ದು ಗೊತ್ತಾಗಿ ಅಂಥ ಟೂಲ್‌ಗಳಿಗೆ ಕಡಿವಾಣ ಹಾಕಬೇಕಾಯಿತು. ಯುರೋಪಿಯನ್ ಒಕ್ಕೂಟದಲ್ಲಂತೂ 2025ರ ಫೆಬ್ರವರಿ 2ರಂದು, ಎಐ ಬಳಸುವ ಸಂಸ್ಥೆಗಳು ಸಿಬ್ಬಂದಿಗೆ ಅದರ ಬಗ್ಗೆ ಸಾಕಷ್ಟು ತಿಳಿವಳಿಕೆ ಇರುವಂತೆ ನೋಡಿಕೊಳ್ಳಬೇಕು ಅಂತ ಕಾನೂನೇ ಜಾರಿಗೆ ಬಂತು.

ಹೊಸ ಲೀಡ್

ಎಲ್ಲರಿಗೂ ಥ್ಯಾಂಕ್ಸ್. ಮೂರು ವಾರ ಆಯಿತು, ಏನಾಯಿತು ಅಂತ ಹೇಳುತ್ತೇನೆ.

ಟೂಲ್ ವಿಷಯ ಕೇಳಿದೆ. ಕಂಪನಿ ಒಪ್ಪಿದ್ದೇ ಇದೆ. ಆದರೆ ಒಬ್ಬಳು ತನ್ನ ಸ್ವಂತ ಅಕೌಂಟ್‌ನಲ್ಲಿ ದರಪಟ್ಟಿ ಹಾಕುತ್ತಿದ್ದಳು. ಗೊತ್ತಿಲ್ಲದೆ ಮಾಡಿದ್ದು. ನಿಲ್ಲಿಸಿದ್ದೇವೆ. ನೀವು ಕೇಳದಿದ್ದರೆ ನಾನೂ ಕೇಳುತ್ತಿರಲಿಲ್ಲ.

'ಅವರ ಮಾತಿನಲ್ಲೇ' ಅಂತ ಕಾಲಂ ಸೇರಿಸಿದೆ. ಮೊದಲ ವಾರ 34 ಸಾಲು ಬಂದವು. ಎಐ ಮುಟ್ಟದ ಇಬ್ಬರು ಹಿರಿಯರಲ್ಲಿ ಒಬ್ಬರನ್ನು ಕೂರಿಸಿಕೊಂಡು, ಸರ್, ಈ ಕಾಲಂ ಮಾತ್ರ ಓದಿ, ಏನನಿಸುತ್ತೆ ಹೇಳಿ ಅಂದೆ. ಕನ್ನಡಕ ಏರಿಸಿ ಓದಲು ಶುರು ಮಾಡಿದರು. "ಇದು ಬರುತ್ತೆ. ಇದೂ ಬರುತ್ತೆ. ಇವನು 'ಆದಷ್ಟು ಬೇಗ' ಅಂದಿದ್ದಾನೆ, ಇನ್ನೂ ಶುರುವೇ ಮಾಡಿಲ್ಲ. ಇವಳು ತಾರೀಕು ಹೇಳದೆ ಲಾರಿ ನಂಬರ್ ಕೊಟ್ಟಿದ್ದಾಳೆ, ನಾಳೆ ಇಲ್ಲಿರುತ್ತೆ." ಹದಿನೈದು ನಿಮಿಷ. ಆರು ಸಾಲಿಗೆ ಕೆಂಪು ಗುರುತು ಹಾಕಿದರು. ಆರಕ್ಕೂ ಫೋನ್ ಮಾಡಿಸಿದೆ. ನಾಲ್ಕು ತಡ ಆಗುವುದಿತ್ತು.

ಪಕ್ಕದಲ್ಲಿ ಬೇರಿಂಗ್ ಹುಡುಗನನ್ನೂ ಕೂರಿಸಿದ್ದೆ. ಈಗ ಮೊದಲು ಅವನು ಗುರುತು ಹಾಕುತ್ತಾನೆ, ಆಮೇಲೆ ಅವರು. ಹೋದ ವಾರ ಅವನು ಎರಡನ್ನು ಬಿಟ್ಟಿದ್ದ. ಆದರೆ ಅವರು ಬಿಟ್ಟಿದ್ದ ಒಂದನ್ನು ಅವನು ಹಿಡಿದಿದ್ದ. ಅವರಿಗೆ ಸ್ವಲ್ಪ ಮುಖ ಗಂಟಾಯಿತು, ನನಗೆ ಒಳಗೊಳಗೇ ಖುಷಿ.

ಒಳ್ಳೆಯ ಕೆಲಸ ಅಂದರೆ ಏನು ಅನ್ನುವ ಅರ್ಧ ಪುಟ ಇನ್ನೂ ಬರೆದಾಗಿಲ್ಲ, ಮೇಡಂ. ನಾಲ್ಕು ಸಾಲು ಆಗಿದೆ, ಅದರಲ್ಲಿ ಎರಡನ್ನು ಹೊಡೆದುಹಾಕಿದ್ದೇನೆ.

ಒಂದು ಮಾತ್ರ ಬಗೆಹರಿದಿಲ್ಲ. ನಾನು ರಜೆಯಲ್ಲಿದ್ದಾಗ ಓಕೆ ಯಾರು ಮಾಡಬೇಕು?

ದೂರು ವಿಭಾಗದವಳು

ಯಾರೇ ಮಾಡಲಿ, ಟೇಬಲ್ ಕೆಳಗೆ ಅವರ ಹೆಸರು ಇರಲಿ. ನಾನು ಅದನ್ನು ಶುರು ಮಾಡಿದ ಮೊದಲ ದಿನ ನಮ್ಮ ತಂಡದಲ್ಲಿ ಮಧ್ಯಾಹ್ನದವರೆಗೂ ಯಾರೂ ಓಕೆ ಒತ್ತಲಿಲ್ಲ. ಎಲ್ಲರೂ ಮೂಲ ದೂರು ತೆಗೆದು ಓದುತ್ತಾ ಕೂತಿದ್ದರು.